ಚಿಪ್ಪಿಸಾರದ ಆರು ದಿನ

ಯಮುನಾ ಅಂಬಿಗ ತಂಗಿ ಕಮಲಿಯ ಮಂಚದ ಅಂಚಿನಲ್ಲಿ ಕೂತು ಬಂಗಡೆಯ ಮುಳ್ಳು ಬಿಡಿಸಿಕೊಡುತ್ತಿದ್ದಳು. ಮಂಗಳವಾರ, ಬೆಳಗಿನ ಹತ್ತು ಗಂಟೆ. ಕಿಟಕಿಯಾಚೆ ಅಘನಾಶಿನಿ ಹೊಳೆಯ ನೀರು ಇಳಿಯತೊಡಗಿತ್ತು. ಹಿಂದಿನ ದಿನವಷ್ಟೇ ಕಮಲಿಯ ನರದೊಳಗೆ ಕ್ಯಾನ್ಸರ್ ಔಷಧ ಹರಿದಿತ್ತು. ಅದೂ ಸಣ್ಣ ಪ್ರಮಾಣವಲ್ಲ. ಹಳೆಯ ಕಾಲದ ವೈದ್ಯರು ಕೊಡಲು ಹೆದರುತ್ತಿದ್ದುದರ ನಾಲ್ಕು ಪಟ್ಟು. ಆದರೂ ಅವಳು ಅನ್ನ ಕಲಸಿ ಉಣ್ಣುತ್ತಿದ್ದಳು, ಉಣ್ಣುತ್ತಲೇ ಬೈಯುತ್ತಿದ್ದಳು.

“ಈ ಸಾರಿಗೆ ಹುಳಿ ಹಾಕಿದವ್ರು ಯಾರೇ? ಹೊಳೆನೀರು ಕಾಸಿ ಬಡಿಸ್ದಂಗೆ ಅದೆ.”

“ಆಸ್ಪತ್ರೆ ಸಾರು. ಸುಮ್ನೆ ಉಣ್ಣು.”

“ಸಾಯೂಕೆ ಬಿದ್ದವ್ರಿಗೆ ಇಂಥಾ ಸಪ್ಪೆ ಸಾರು ಹಾಕ್ತ್ರಾ?”

“ಸಾಯೂದಿಲ್ಲ ನೀನು. ಸೊಕ್ಕು ಇನ್ನೂ ಇಳೀಲಿಲ್ಲ ನಿಂಗೆ.”

ಆ ವಾರ್ಡಿನಲ್ಲಿ ಹತ್ತೊಂಬತ್ತು ಮಂಚ. ಹತ್ತೊಂಬತ್ತು ಜನರೂ ಉಣ್ಣುತ್ತಿದ್ದರು. ಮೊದಲು ಬೇರೆ ಆಸ್ಪತ್ರೆಗಳಲ್ಲಿ ದುಡಿದು ಬಂದ ದಾದಿಯರಿಗೆ ಇದು ಇನ್ನೂ ನಂಬಿಕೆಗೆ ನಿಲುಕದ ನೋಟ. ಕ್ಯಾನ್ಸರ್ ಔಷಧಕ್ಕೆ ಕಣ್ಣಿಲ್ಲ. ವೇಗವಾಗಿ ಬೆಳೆಯುವ ಜೀವಕೋಶ ಕಂಡರೆ ಕೊಲ್ಲುವುದಷ್ಟೇ ಅದಕ್ಕೆ ಗೊತ್ತು. ಗಡ್ಡೆಯ ಕೋಶಗಳ ಹಾಗೆಯೇ ಕರುಳಿನ ಒಳಪೊರೆಯ ಕೋಶಗಳೂ ನಾಲ್ಕೈದು ದಿನಕ್ಕೊಮ್ಮೆ ಹೊಸದಾಗಿ ಹುಟ್ಟುತ್ತವೆ. ಹಾಗಾಗಿ ಗಡ್ಡೆಯ ಜೊತೆಗೆ ಕರುಳೂ ಸುಲಿದು ಬೀಳುತ್ತಿತ್ತು. ವಾಂತಿ, ರಕ್ತಭೇದಿ, ಹುಣ್ಣು. ಎಷ್ಟೋ ಜನರನ್ನು ಕಾಯಿಲೆಗಿಂತ ಮೊದಲು ಔಷಧವೇ ಮುಗಿಸುತ್ತಿತ್ತು.

ಇದಕ್ಕೆ ಉಪಾಯ ಸಿಕ್ಕಿದ್ದು ಹೊಳೆಯ ಕೆಸರಿನಲ್ಲಿ. ನೀರು ಇಳಿದಾಗ ಬಳಚು ಎಂಬ ಹೊಳೆಚಿಪ್ಪಿ ತನ್ನ ಎರಡು ಚಿಪ್ಪುಗಳನ್ನು ಬಿಗಿಯಾಗಿ ಮುಚ್ಚಿಕೊಂಡು ಬಿಸಿಲಿನಲ್ಲಿ ಬಿದ್ದಿರುತ್ತದೆ. ಆ ಹೊತ್ತಿನಲ್ಲಿ ಅದರ ಮೈಯಲ್ಲಿ ಹುಟ್ಟುವ ಒಂದು ಪುಟ್ಟ ಪ್ರೋಟೀನು ಕೋಶಗಳನ್ನು ಮಲಗಿಸಿಬಿಡುತ್ತದೆ. ನೀರು ಏರಿದಾಗ ಮತ್ತೆ ಎಬ್ಬಿಸುತ್ತದೆ. ಭಟ್ಕಳದ ಡಾ. ಸಬೀಹಾ ಹನ್ನೊಂದು ವರ್ಷ ಇದರ ಬೆನ್ನು ಹತ್ತಿ, ಆ ಪ್ರೋಟೀನನ್ನು ಮನುಷ್ಯ ಕುಡಿಯಬಹುದಾದ ಪೌಷ್ಟಿಕ ಪಾನೀಯವಾಗಿ ಮಾಡಿದ್ದರು. ನಾಲ್ಕು ಗಂಟೆಗೊಂದು ಲೋಟದಂತೆ ಆರು ದಿನ ಕುಡಿದರೆ ಕರುಳಿನ ಕೋಶಗಳು ಮಲಗಿಯೇ ಇರುತ್ತವೆ. ಔಷಧ ಅವನ್ನು ಮುಟ್ಟದೆ ಗಡ್ಡೆಯ ಕಡೆಗೆ ಹೋಗುತ್ತದೆ. ಕಾಗದದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಊರವರ ಬಾಯಲ್ಲಿ ಅದು ಚಿಪ್ಪಿಸಾರ.

ಯಮುನಾ ಹದಿನಾರು ವರ್ಷ ಹೊಳೆಯಲ್ಲಿ ಬಳಚು ತೆಗೆದವಳು. ಯಾವ ಕೆಸರಿನ ಚಿಪ್ಪಿ ಯಾವ ಹೊತ್ತಿಗೆ ಬಾಯಿ ಮುಚ್ಚುತ್ತದೆಂದು ಅವಳಿಗೆ ತಿಳಿದಷ್ಟು ಯಾವ ಯಂತ್ರಕ್ಕೂ ತಿಳಿಯದೆಂದು ಸಬೀಹಾ ಅವಳನ್ನು ಪ್ರಯೋಗಾಲಯಕ್ಕೆ ಕರೆತಂದಿದ್ದರು. ಈಗ ವಾರ್ಡಿನ ಕೆಳಗಿರುವ ಬಳಚಿನ ತೊಟ್ಟಿಗಳ ಕೋಣೆ ಅವಳದ್ದೇ. ಅಲ್ಲಿ ಪಂಪುಗಳು ದಿನಕ್ಕೆರಡು ಬಾರಿ ಉಬ್ಬರ ಇಳಿತ ಮಾಡಿಸುತ್ತಿದ್ದವು. ಚಿಪ್ಪಿಗಳಿಂದ ತೆಗೆದ ಗಟ್ಟಿ ಮೂಲಸಾರವನ್ನು ಉಪ್ಪುನೀರಿನ ಹದ ನೋಡಿ ಕಲಸುವ ಕೆಲಸ ಗೊತ್ತಿದ್ದವರು ಇಬ್ಬರೇ, ಸಬೀಹಾ ಮತ್ತು ಯಮುನಾ. ಲೀಟರಿಗೆ ಒಂದು ಚಮಚ. ಮೊದಲ ವರ್ಷ ಒಬ್ಬ ಕೆಲಸಗಾರ ತಿಳಿಯದೆ ಅದನ್ನು ಹಾಗೆಯೇ ಒಂದು ಗುಟುಕು ಕುಡಿದಿದ್ದ. ಅವನ ಕರುಳಿನ ಕೋಶಗಳು ಮಲಗಿದವು, ಮತ್ತೆ ಏಳಲೇ ಇಲ್ಲ. ಅವನು ಸಾಯಲು ಹನ್ನೆರಡು ದಿನ ಹಿಡಿಯಿತು. ಹನ್ನೆರಡೂ ದಿನ ಯಮುನಾ ಅವನ ಕೂಗು ಕೇಳಿದ್ದಳು.

ದೇಶದಲ್ಲಿ ಇದೊಂದೇ ಕೇಂದ್ರ. ಒಳಬರಲು ಏಳು ತಿಂಗಳ ಸರದಿ. ಸರದಿ ಬರುವುದರೊಳಗೆ ಅರ್ಧಕ್ಕರ್ಧ ಜನ ಉಳಿಯುತ್ತಿರಲಿಲ್ಲ. ಗೇಟಿನ ಹೊರಗೆ ಅಳುವವರು, ಕಾಲು ಹಿಡಿಯುವವರು, ಕಲ್ಲು ಎಸೆಯುವವರು ದಿನಾ ಇರುತ್ತಿದ್ದರು. ಬಳಚಿನ ಕೆಸರುಗದ್ದೆಗೆ ಮುಳ್ಳುತಂತಿ ಬಿದ್ದಿತ್ತು. ಹಿಂದಿನ ಮಳೆಗಾಲದಲ್ಲಿ ಆ ತಂತಿಯ ಬಳಿಯೇ ಇಬ್ಬರ ತಲೆ ಒಡೆದಿತ್ತು.

ಹತ್ತೂವರೆಗೆ ಕಟ್ಟಡದ ಹಿಂದೆ ದೋಣಿ ನಿಲ್ಲುವ ಧಕ್ಕೆಯ ಕಡೆಯಿಂದ ಗುಂಡಿನ ಸದ್ದು ಕೇಳಿತು.

ಯಮುನಾ ಮೆಟ್ಟಿಲಿಳಿದು ಓಡಿದಳು. ಧಕ್ಕೆಯ ಬಾಗಿಲಲ್ಲಿ ಕಾವಲುಗಾರ ಸೋಮಯ್ಯ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಅವನ ಬೆರಳುಗಳ ಸಂದಿನಿಂದ ರಕ್ತ ಬುಳಬುಳನೆ ಹೊರಬರುತ್ತಿತ್ತು. ಏನೋ ಹೇಳಲು ಬಾಯಿ ತೆರೆದವನು ಹಾಗೆಯೇ ಪಕ್ಕಕ್ಕೆ ವಾಲಿದ. ಅವನನ್ನು ದಾಟಿ ಮೂವರು ಒಳಗೆ ಬಂದಿದ್ದರು. ಇಬ್ಬರ ಕೈಯಲ್ಲಿ ಕತ್ತಿ. ಕೋವಿ ಹಿಡಿದವನನ್ನು ಅವಳು ಗುರುತಿಸಿದಳು. ದಿನಕರ. ನಾಲ್ಕು ವರ್ಷ ಇದೇ ಧಕ್ಕೆಗೆ ದೋಣಿಯಲ್ಲಿ ಬಳಚು ತಂದು ಹಾಕುತ್ತಿದ್ದವನು, ಅವಳು ಕೊಟ್ಟ ಚಾ ಕುಡಿಯುತ್ತಿದ್ದವನು.

“ಯಮುನಕ್ಕಾ, ನೀ ಬದಿಗೆ ನಿಲ್ಲು. ನಿಂಗೆ ಎಂತದೂ ಮಾಡೂದಿಲ್ಲ ನಾವು.”

ಮೂಲಸಾರ ಇಟ್ಟಿದ್ದ ಶೀತಲ ಕೋಣೆಯ ಬಾಗಿಲು ಸಬೀಹಾರ ಅಂಗೈ ಒತ್ತಿದರೆ ಮಾತ್ರ ತೆರೆಯುತ್ತಿತ್ತು. ಅವರನ್ನು ಕೂದಲು ಹಿಡಿದು ಎಳೆದು ತಂದಿದ್ದರು. ಅವರು ಮುಷ್ಟಿ ಬಿಗಿಹಿಡಿದಿದ್ದರು.

“ಕೈ ಬಿಡಿಸಿ ಡಾಕ್ಟ್ರೇ,” ಎಂದ ದಿನಕರ.

“ಬಿಡಿಸಲ್ಲ.”

ಒಬ್ಬ ತೊಟ್ಟಿಯ ಬಳಿಯಿದ್ದ ಪೈಪಿನ ನಟ್ಟು ಬಿಗಿಯುವ ಕಬ್ಬಿಣದ ಪಾನ ಎತ್ತಿಕೊಂಡು ಅವರ ಎಡಗೈ ಮೇಲೆ ಹೊಡೆದ. ಮೂಳೆ ಮುರಿದ ಸದ್ದು ಪಂಪುಗಳ ಗುಂಯ್‌ಗುಟ್ಟುವಿಕೆಯನ್ನೂ ಮೀರಿ ಕೇಳಿತು. ಸಬೀಹಾ ಕಿರುಚಿದರು, ಆದರೆ ಬಲಗೈ ಬಿಚ್ಚಲಿಲ್ಲ. ಯಮುನಾ ಮೇಜಿನ ಮೇಲಿದ್ದ ಚಿಪ್ಪಿ ಬಿಡಿಸುವ ಚೂರಿ ಹಿಡಿದು ನುಗ್ಗಿದಳು. ಪಾನ ಹಿಡಿದವನ ತೋಳು ಸೀಳಿತು. ಮರುಕ್ಷಣವೇ ಕೋವಿಯ ಹಿಂಬದಿ ಅವಳ ಕೆನ್ನೆಗೆ ಅಪ್ಪಳಿಸಿ, ಎರಡು ಹಲ್ಲು ನಾಲಿಗೆಯ ಮೇಲೆ ಬಿದ್ದವು. ನೆಲಕ್ಕೆ ಬಿದ್ದಲ್ಲಿಂದಲೇ ಅವಳು ನೋಡಿದಳು: ಸಬೀಹಾರ ಬಲಗೈಯ ಬೆರಳುಗಳನ್ನು ಒಂದೊಂದಾಗಿ ಹಿಂದಕ್ಕೆ ಮುರಿದು, ಅಂಗೈಯನ್ನು ಗಾಜಿಗೆ ಒತ್ತಿದರು. ಬಾಗಿಲು ತೆರೆಯಿತು.

ಆರು ಕ್ಯಾನು. ಕೇಂದ್ರದಲ್ಲಿದ್ದ ಮೂಲಸಾರವೆಲ್ಲ ಅಷ್ಟೇ. ಅವನ್ನು ಹೊತ್ತು ಹೊರಡುವಾಗ ಕಲಸುವ ಪೀಪಾಯಿಗಳನ್ನು ಪಾನದಿಂದ ಜಜ್ಜಿ ಒಡೆದರು. ಅಂದಿನ ಪಾನೀಯವೆಲ್ಲ ನೆಲದ ಮೇಲೆ ಹರಿದು ಸೋಮಯ್ಯನ ರಕ್ತದ ಜೊತೆ ಕೂಡಿತು.

“ದಿನಕರಾ! ಅದು ಹಾಗೇ ಕುಡಿಯೂಕೆ ಆಗೂದಿಲ್ಲ! ಕುಡಿದವ್ರು ಸಾಯ್ತ್ರು!” ಯಮುನಾ ರಕ್ತ ಉಗುಳುತ್ತ ಕೂಗಿದಳು.

ಅವನು ತಿರುಗಿ ನೋಡದೆ ದೋಣಿ ಹತ್ತಿದ.

ಸಬೀಹಾ ಗೋಡೆಗೊರಗಿ ಕೂತಿದ್ದರು. ಮುಖ ಸುಣ್ಣವಾಗಿತ್ತು. “ದಾದಿ ಫೋನ್ ಮಾಡಿದಳು, ಪೊಲೀಸರು ಬರಲು ಒಂದು ಗಂಟೆ ಬೇಕಂತೆ,” ಎಂದರು. “ಯಮುನಾ, ಮೇಲಿನವರ ಮುಂದಿನ ಲೋಟ ಎರಡು ಗಂಟೆಗೆ. ಒಂದೇ ಒಂದು ಕ್ಯಾನ್ ಸಿಕ್ಕರೂ ಹತ್ತೊಂಬತ್ತು ಜನ ಉಳೀತಾರೆ. ಹೊಸದು ಮಾಡೋಕೆ ನಲವತ್ತು ದಿನ.”

ಹೊಳೆ ಇಳಿಯುತ್ತಿತ್ತು. ದಿನಕರನದು ಇಂಜಿನ್ನಿನ ಭಾರದ ದೋಣಿ. ಅದು ಆಳದ ಕಾಲುವೆ ಹಿಡಿದು ನಡುಗಡ್ಡೆಯನ್ನು ಸುತ್ತಿಯೇ ಹೋಗಬೇಕು. ಯಮುನಾ ಚೂರಿಯನ್ನು ಸೊಂಟಕ್ಕೆ ಸಿಕ್ಕಿಸಿ ಸಣ್ಣ ಪಾತಿದೋಣಿಯನ್ನು ನೀರಿಗೆ ನೂಕಿದಳು. ಒಂದು ಗೇಣು ನೀರಿನಲ್ಲೂ ತೇಲುವ ದೋಣಿ ಅದು. ನೀರಿದ್ದಲ್ಲಿ ಬಿದಿರಿನ ಜಲ್ಲೆ ಊರಿ ನಡೆಸಿದಳು, ಇಲ್ಲದಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ಇಳಿದು ನೂಕಿದಳು. ದಾರಿಯಲ್ಲಿ ಕೆಸರುಗದ್ದೆಯಲ್ಲಿ ಬಳಚು ಹೆಕ್ಕುತ್ತಿದ್ದ ಹೆಂಗಸರಿಗೆ ಕೂಗಿ ಹೇಳಿದಳು. ಅರವತ್ತು ದಾಟಿದ ನಾಗಕ್ಕ ಪಾತಿಗೆ ಹತ್ತಿದಳು. ಉಳಿದವರು ಗುದ್ದಲಿ ಹಿಡಿದು ಕೆಸರಿನಲ್ಲಿ ಹಿಂದೆ ಬಂದರು.

ನಡುಗಡ್ಡೆಯ ತುದಿಯಲ್ಲಿ ದಿನಕರನ ದೋಣಿ ಮರಳಿಗೆ ಕೂತಿತ್ತು. ಇಬ್ಬರು ನೀರಿಗಿಳಿದು ನೂಕುತ್ತಿದ್ದರು. ಅವನು ಕೋವಿ ಎತ್ತಿದ.

“ಹತ್ರ ಬರಬೇಡ ಅಕ್ಕಾ.”

“ಒಂದು ಕ್ಯಾನ್ ಕೊಡು. ನನ್ನ ತಂಗಿ ಮೇಲೆ ಮಲಗಿದ್ದು ನಿಂಗೆ ಗೊತ್ತಿಲ್ವಾ?”

ಅವನು ಅವಳ ಒಡೆದ ಮುಖ ನೋಡಿದ. ಪಾತಿಯನ್ನು ಪಕ್ಕಕ್ಕೆ ಬರಲು ಬಿಟ್ಟು, ಒಂದು ಕ್ಯಾನು ಎತ್ತಿ ಅದರೊಳಗೆ ಇಟ್ಟ. “ತಕೊ. ಕಮಲಿ ಬದುಕ್ಲಿ. ಐದು ನಮಗೆ ಸಾಕು.”

“ಉಳಿದದ್ದು ಯಾರಿಗೆ?”

“ಇಪ್ಪತ್ತೆರಡು ಜನ ಕಾಯ್ತಾ ಇದ್ರು. ನಿಮ್ಮ ಗೇಟಿನ ಹೊರಗೇ ಸಾಯೂಕೆ ಬಿಟ್ಟವ್ರು. ಬೆಳಿಗ್ಗೆ ಎಂಟಕ್ಕೆ ಅವ್ರಿಗೂ ಔಷಧ ಹಾಕಿ ಆಯ್ತು, ನಾಲ್ಕು ಪಟ್ಟು. ನನ್ನ ಗುಲಾಬಿನೂ ಅಲ್ಲೇ ಅದಾಳೆ.”

“ದಿನಕರಾ, ಕೇಳು. ಒಂದು ಲೀಟರ್ ಉಪ್ಪುನೀರಿಗೆ ಒಂದು ಚಮಚ ಅದು. ಹಾಗೇ ಕುಡಿಸಿದ್ರೆ...”

“ಗಟ್ಟಿ ಇದ್ದಷ್ಟೂ ಒಳ್ಳೇದು ಅಂತ ಡಾಕ್ಟ್ರು ಹೇಳಿದ್ರು.”

“ಯಾವ ಡಾಕ್ಟ್ರು?”

“ನಮ್ಮ ಡಾಕ್ಟ್ರು. ನೀನು ಕಥೆ ಕಟ್ಬೇಡ. ಕದ್ದವ್ರು ಕುಡೀಬಾರ್ದು ಅಂತ ಹೇಳೂ ಕಥೆ ಇದು. ವಿಷ ಆಗಿದ್ರೆ ಮೊದಲ ಲೋಟ ನನ್ನ ಹೆಂಡ್ತಿಗೇ ಕುಡಿಸ್ತಿದ್ನಾ ನಾನು?”

“ಅವರೆಲ್ಲಿದ್ರು, ಅದಾದ್ರೂ ಹೇಳು. ನಾನೇ ಬಂದು ಕಲಸಿಕೊಡ್ತೆ.”

“ಪೊಲೀಸ್ರ ಸಂಗ್ತಿ ಬರ್ತಿ ನೀನು.” ಅವನು ನಕ್ಕ.

ಯಮುನಾ ಆ ಕೆಲಸಗಾರನ ಕೂಗನ್ನು ಮತ್ತೆ ಕೇಳಿದಳು. ಅದು ಇಪ್ಪತ್ತೆರಡು ಬಾಯಿಂದ ಹೊರಟರೆ ಹೇಗಿರುತ್ತದೆಂದು ಕೇಳಿದಳು. ಅವಳು ನಾಗಕ್ಕನ ಕಿವಿಯಲ್ಲಿ “ಡಾಕ್ಟ್ರಿಗೆ ಮುಟ್ಟಿಸು” ಎಂದು ಹೇಳಿ ಪಾತಿಯನ್ನು ಕಾಲಿನಿಂದ ಒದ್ದು ನೂಕಿ, ದಿನಕರನ ದೋಣಿಗೆ ಹಾರಿದಳು.

ಕೋವಿ ಸಿಡಿಯಿತು. ಅವಳ ಎಡಗಿವಿಯ ತುದಿ ಹಾರಿಹೋಯಿತು. ಅವನು ಇನ್ನೊಂದು ತೋಟೆ ತುಂಬುವುದರೊಳಗೆ ಅವಳು ಚೂರಿಯಿಂದ ಒಂದೊಂದೇ ಮುಚ್ಚಳ ಕಿತ್ತು ಕ್ಯಾನುಗಳನ್ನು ಹೊಳೆಗೆ ಉರುಳಿಸತೊಡಗಿದಳು. ಎರಡು. ಮೂರು. ಕೆಳಗಿದ್ದವನೊಬ್ಬ ಹುಟ್ಟಿನಿಂದ ಬೀಸಿದ ಏಟಿಗೆ ಅವಳ ಹೆಗಲಿನ ಮೂಳೆ ಮುರಿಯಿತು. ನಾಲ್ಕನೆಯದನ್ನು ಕಾಲಿನಿಂದ ಉರುಳಿಸಿದಳು. ಐದನೆಯದನ್ನು ದಿನಕರ ಎದೆಗೆ ಅವಚಿಕೊಂಡಿದ್ದ. ಇಬ್ಬರೂ ಕ್ಯಾನಿನ ಸಮೇತ ನೀರಿಗೆ ಬಿದ್ದರು.

ದೋಣಿಯ ಆಚೆ ಬದಿಯಲ್ಲಿ ಎದೆಮಟ್ಟದ ನೀರು. ಅವನು ಅವಳ ಜಡೆ ಹಿಡಿದು ತಲೆಯನ್ನು ಕೆಳಗೆ ಅದುಮಿದ. ಕಣ್ಣಿಗೆ, ಬಾಯಿಗೆ ಕೆಸರು ತುಂಬಿತು. ಉಸಿರು ನಿಲ್ಲುವ ಹೊತ್ತಿಗೆ ಅವಳು ಬಲಗೈಯ ಚೂರಿಯನ್ನು ಅವನ ಪಕ್ಕೆಲುಬಿನ ಕೆಳಗೆ ತೂರಿಸಿ, ಚಿಪ್ಪಿ ಬಿಡಿಸುವಾಗ ತಿರುವುವ ಹಾಗೆ ತಿರುವಿದಳು. ಜಡೆ ಹಿಡಿದ ಕೈ ಸಡಿಲವಾಯಿತು. ಮೇಲೆದ್ದಾಗ ಅವನು ಅವಳ ಭುಜಕ್ಕೇ ಒರಗಿಕೊಂಡಿದ್ದ. ಕ್ಯಾನು ಬಾಯಿ ತೆರೆದು ಪಕ್ಕದಲ್ಲಿ ಮುಳುಗುತ್ತಿತ್ತು.

“ನಿಜವಾಗ್ಲೂ ವಿಷನಾ ಅಕ್ಕಾ?”

“ಹೌದೋ.”

ಅವನ ಬಾಯಿಂದ ರಕ್ತ ಬಂತು. “ಐಸ್ ಫ್ಯಾಕ್ಟರಿ... ಹಳೇದು. ಗುಲಾಬಿ...” ಎಂದ. ಅಷ್ಟೇ.

ಗುದ್ದಲಿ ಹಿಡಿದ ಹೆಂಗಸರು ಆಗ ಬಂದು ತಲುಪಿದರು. ಹದಿನೈದು ಜನ. ಉಳಿದ ಇಬ್ಬರಲ್ಲಿ ಒಬ್ಬನ ಮೊಣಕಾಲು ಒಡೆದರು. ಇನ್ನೊಬ್ಬನನ್ನು ಕೆಸರಿನಲ್ಲಿ ಅಡ್ಡ ಕೆಡವಿ ಪೊಲೀಸರು ಬರುವವರೆಗೂ ಅವನ ಮೇಲೆ ಕೂತಿದ್ದರು. ಐದು ನಿಮಿಷ, ಇನ್ನೈದೇ ನಿಮಿಷ ತಾನು ಮಾತಿನಲ್ಲಿ ದಿನಕರನನ್ನು ಹಿಡಿದು ನಿಲ್ಲಿಸಿದ್ದರೆ ಐದು ಕ್ಯಾನುಗಳೂ ಉಳಿಯುತ್ತಿದ್ದವು, ಅವನೂ ಉಳಿಯುತ್ತಿದ್ದ. ಮರಳಿನ ಮೇಲೆ ಕೂತ ಯಮುನಾಗೆ ಇದು ಹೊಳೆದಾಗ ಅವಳು ತನ್ನ ಮುರಿದ ಹೆಗಲನ್ನು ತಾನೇ ಅದುಮಿಕೊಂಡು ಚೀರಿದಳು.

ಐಸ್ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ಜನ ಚಾಪೆಗಳ ಮೇಲೆ ಸಾಲಾಗಿ ಮಲಗಿದ್ದರು. ಡಾಕ್ಟರೆಂದು ಹೇಳಿಕೊಂಡವನು ಓಡಿಹೋಗಿದ್ದ. ಅವರನ್ನೆಲ್ಲ ಒಂದು ಗಂಟೆಯೊಳಗೆ ಕೇಂದ್ರಕ್ಕೆ ತಂದು ವರಾಂಡದಲ್ಲಿ, ಮೆಟ್ಟಿಲ ಬಳಿ, ಎಲ್ಲಿ ಜಾಗವಿತ್ತೋ ಅಲ್ಲಿ ಮಲಗಿಸಿದರು. ಆಗ ನಿಜವಾದ ಲೆಕ್ಕ ಶುರುವಾಯಿತು. ಕ್ಯಾನು ಒಂದು, ಹೊಟ್ಟೆ ನಲವತ್ತೊಂದು.

“ಹತ್ತೊಂಬತ್ತು ಜನರಿಗೆ ಕೊಟ್ಟರೆ ಪೂರ್ತಿ ರಕ್ಷಣೆ,” ಎಂದರು ಸಬೀಹಾ. ಎರಡೂ ಕೈಗೆ ಬ್ಯಾಂಡೇಜು ಸುತ್ತಿತ್ತು. “ಎಲ್ಲರಿಗೂ ಹಂಚಿದರೆ ಅರ್ಧಕ್ಕಿಂತ ಕಡಿಮೆ ಬಲ. ಕರುಳು ಅರ್ಧ ಮಲಗುತ್ತದೆ, ಅರ್ಧ ಸುಲಿಯುತ್ತದೆ. ಯಾರು ಉಳೀತಾರೆ ಯಾರು ಹೋಗ್ತಾರೆ ಅಂತ ನಾನು ಹೇಳಲಾರೆ.”

ವಾರ್ಡಿನಲ್ಲಿ ಜಗಳವೆದ್ದಿತು. ಒಬ್ಬ ಮುದುಕ ಸಲೈನಿನ ಕಂಬ ಕಿತ್ತು ಬಾಗಿಲಿಗೆ ಅಡ್ಡ ಹಿಡಿದ. “ಏಳು ತಿಂಗಳು ಕಾದಿದ್ದೇವೆ! ಕೊಲೆಗಡುಕರ ಕಡೆಯವರಿಗೆ ನಮ್ಮ ಪಾಲು ಯಾಕೆ?” ಎಂದು ಕೂಗಿದ. ಹೊರಗಿನಿಂದ ಯಾರೋ ಕಿಟಕಿಯ ಗಾಜು ಒಡೆದರು. ಗಾಜಿನ ಚೂರು ಮಂಚದವನೊಬ್ಬನ ಹಣೆ ಸೀಳಿತು. ದಾದಿಯೊಬ್ಬಳನ್ನು ಗೋಡೆಗೆ ನೂಕಿದರು. ನಲವತ್ತೊಂದು ಕಾಯಿಲೆಯವರು ಒಬ್ಬರನ್ನೊಬ್ಬರು ಹರಿದು ಹಾಕುತ್ತಾರೇನೋ ಅನ್ನುವ ಹೊತ್ತಿನಲ್ಲಿ ಕಮಲಿ ಮಂಚದಿಂದಿಳಿದು ಬಂದು ಮುದುಕನ ಕೈಯಿಂದ ಕಂಬ ಕಿತ್ತುಕೊಂಡು, ಅದರಿಂದಲೇ ಅವನ ಮೊಣಕೈಗೆ ಒಂದು ಬಿಟ್ಟಳು.

“ಅಕ್ಕಾ, ಎಲ್ರಿಗೂ ಕಲಸು.”

“ಕಮಲೀ, ನೀ ಸುಮ್ನಿರು. ನಿಂಗೆ ಗೊತ್ತಾಗೂದಿಲ್ಲ.”

“ಎಂತ ಗೊತ್ತಾಗೂದಿಲ್ಲ? ಹೊರಗೆ ಅವ್ರು ಕರುಳು ಕಾರಿ ಸಾಯೂದು, ಒಳಗೆ ನಾ ಮೀನುಸಾರು ಉಣ್ಣೂದು. ನನ್ನ ಗಂಟಲಲ್ಲಿ ಇಳೀತದಾ ಅದು? ಎರಡು ಗಂಟೆ ಆಯ್ತು. ಕಲಸು ಅಂದೆ!”

ಯಮುನಾ ಕಲಸಿದಳು. ಒಂದು ಕೈ ಮಾತ್ರ ಆಡುತ್ತಿತ್ತು. ನಾಗಕ್ಕ ಮತ್ತು ಉಳಿದ ಹೆಂಗಸರು ಪ್ರತಿ ಇಳಿತಕ್ಕೂ ಬಾಯಿ ಮುಚ್ಚಿದ ಬಳಚನ್ನೇ ಆರಿಸಿ ಬುಟ್ಟಿಗಟ್ಟಲೆ ತಂದು ಸುರಿದರು. ಅದನ್ನು ಬಿಡಿಸಿ, ಹಿಂಡಿ, ಉಗುರುಬೆಚ್ಚಗೆ ಕಾಸಿ ಪಾನೀಯಕ್ಕೆ ಬೆರೆಸಿದರು. ಅದರಿಂದ ಸಿಗುತ್ತಿದ್ದ ಬಲ ಹತ್ತರಲ್ಲೊಂದು ಪಾಲು. ಅದನ್ನೂ ಬಿಡುವ ಹಾಗಿರಲಿಲ್ಲ. ಕ್ಯಾನುಗಳು ಮುಳುಗಿದ ಕಾಲುವೆಯ ಚಿಪ್ಪಿಗಳು ಮಾತ್ರ ಉಬ್ಬರ ಬಂದರೂ ಬಾಯಿ ತೆರೆಯಲಿಲ್ಲ. ಆ ಭಾಗವನ್ನು ಹೆಂಗಸರು ಕೋಲು ನೆಟ್ಟು ಬಿಟ್ಟುಬಿಟ್ಟರು.

ಇನ್‌ಸ್ಪೆಕ್ಟರ್ ಬಂದು ಯಮುನಾಳನ್ನು ಕರೆದೊಯ್ಯಬೇಕೆಂದಾಗ ಸಬೀಹಾ ತಮ್ಮ ಎರಡೂ ಕೈ ಎತ್ತಿ ತೋರಿಸಿದರು. “ಕಲಸಲು ಗೊತ್ತಿರುವುದು ಇಬ್ಬರಿಗೆ. ಈ ಕೈಗಳಿಂದ ಆಗುವುದಿಲ್ಲ. ಸೋಮವಾರದವರೆಗೆ ಬಿಡಿ.” ಬಾಗಿಲಿಗೆ ಇಬ್ಬರು ಪೊಲೀಸರನ್ನು ನಿಲ್ಲಿಸಿ ಇನ್‌ಸ್ಪೆಕ್ಟರ್ ಹೊರಟುಹೋದರು.

ಬುಧವಾರ ವಾರ್ಡಿನಲ್ಲಿ ಊಟದ ವಾಸನೆ ಇರಲಿಲ್ಲ. ಗುರುವಾರ ರಕ್ತ ಶುರುವಾಯಿತು. ದಾದಿಯರು ಬಕೆಟ್ಟು ಹೊತ್ತು ಓಡಾಡಿ ಸೋತರು. ಬಾಯೆಲ್ಲ ಹುಣ್ಣಾಗಿ, ಲೋಟ ತುಟಿಗೆ ತಾಗಿದರೆ ಜನ ಒದ್ದುಕೊಳ್ಳುತ್ತಿದ್ದರು. ಕುಡಿಸಲು ಇಬ್ಬರು ಕೈಕಾಲು ಹಿಡಿಯಬೇಕಿತ್ತು. ಯಮುನಾ ಮೂಗು ಮುಚ್ಚಿ ಹಿಡಿದು ಸುರಿಯುತ್ತಿದ್ದಳು. ಉಗುಳಿದರೆ ಕೆನ್ನೆಗೆ ಹೊಡೆದು ಮತ್ತೆ ಸುರಿಯುತ್ತಿದ್ದಳು. ಸಲೈನಿನ ಕಂಬ ಹಿಡಿದಿದ್ದ ಮುದುಕ ಗುರುವಾರ ಸಂಜೆ ಹೋದ. ಶುಕ್ರವಾರ ನಾಲ್ವರು ಹೋದರು.

ಗುಲಾಬಿ ಮೆಟ್ಟಿಲ ಬಳಿಯ ಚಾಪೆಯಲ್ಲಿದ್ದಳು. ಮೂವತ್ತರ ಆಸುಪಾಸಿನ ಕೃಶ ಹೆಂಗಸು. ಮೊದಲ ದಿನ ಅವಳು ಗಂಡನ ಬಗ್ಗೆ ಕೇಳಿದ್ದಳು. ಯಮುನಾ ಸುಳ್ಳು ಹೇಳಲಿಲ್ಲ.

“ನಾನೇ ಕೊಂದೆ. ಚೂರಿ ಹಾಕಿದೆ.”

ಗುಲಾಬಿ ಲೋಟವನ್ನು ಅವಳ ಮುಖಕ್ಕೆ ಎಸೆದಿದ್ದಳು. ಮೇಲೆದ್ದು ಅವಳ ಮುರಿದ ಹೆಗಲಿಗೆ ಹಲ್ಲು ಊರಿ ಕಚ್ಚಿದ್ದಳು. ಪೊಲೀಸರು ಬಿಡಿಸಬೇಕಾಯಿತು. ಅಲ್ಲಿಂದ ಮೂರು ದಿನ ಅವಳಿಗೆ ಕುಡಿಸುವುದೆಂದರೆ ಒಂದು ಯುದ್ಧ. ದಾದಿಯರು ಹೋದರೆ ಹಲ್ಲು ಕಚ್ಚಿ ಬಾಯಿ ಬಿಡುತ್ತಿರಲಿಲ್ಲ. ಯಮುನಾ ಹೋಗಿ ಮಂಡಿಯಿಂದ ಅವಳ ಎದೆ ಅದುಮಿ, ಚಮಚದಿಂದ ಹಲ್ಲು ಬಿಡಿಸಿ ಹೊಯ್ಯುತ್ತಿದ್ದಳು. ಆ ಹೊತ್ತಿನಲ್ಲಿ ಗುಲಾಬಿ ಕಣ್ಣು ಮುಚ್ಚುತ್ತಿರಲಿಲ್ಲ. ನೋಡುತ್ತಲೇ ಇರುತ್ತಿದ್ದಳು.

ಕಮಲಿ ಶುಕ್ರವಾರದಿಂದ ಮಾತಾಡುವುದನ್ನು ನಿಲ್ಲಿಸಿದ್ದಳು. ಬಾಯಿ ಹುಣ್ಣಾಗಿ ನಾಲಿಗೆ ಊದಿತ್ತು. ಶನಿವಾರ ಬೆಳಕು ಹರಿಯುವಾಗ ಅವಳು ಅಕ್ಕನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು. ಒಳಗೆ ಏನೋ ಬೆಂಕಿಯ ಹಾಗೆ ಕುದಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಹೊಟ್ಟೆ ಬಿಗಿಯಾಯಿತು, ಆಮೇಲೆ ಮೆತ್ತಗಾಯಿತು. ಸಬೀಹಾ ಬಂದು ಬ್ಯಾಂಡೇಜಿನ ಕೈಯಿಂದಲೇ ಅವಳ ಕಣ್ಣು ಮುಚ್ಚಿದರು.

“ನಿನ್ನ ತಂಗಿ ಹತ್ತೊಂಬತ್ತರಲ್ಲಿ ಒಬ್ಬಳಾಗಿ ಉಳೀಬಹುದಿತ್ತು,” ಎಂದರು ಸಬೀಹಾ. ಹೇಳಬಾರದಿತ್ತೆಂದು ಅವರಿಗೆ ತಕ್ಷಣ ಅನ್ನಿಸಿರಬೇಕು, ಮುಖ ಆಚೆ ತಿರುಗಿಸಿದರು.

ಯಮುನಾ ಅಳಲಿಲ್ಲ. ಗೋಡೆಗೆ ಹಣೆಯನ್ನು ಮೂರು ಬಾರಿ ಚಚ್ಚಿಕೊಂಡಳು. ಹಣೆ ಒಡೆದು ರಕ್ತ ಮೂಗಿನ ಮೇಲೆ ಇಳಿಯಿತು. ಆಮೇಲೆ ಗಡಿಯಾರ ನೋಡಿದಳು. ಕೆಳಗೆ ಹೋಗಿ, ಉಪ್ಪುನೀರಿನ ಹದ ನೋಡಿ, ಮೂವತ್ತೈದು ಲೋಟ ಕಲಸಿದಳು.

ಮೆಟ್ಟಿಲ ಬಳಿ ಬಂದಾಗ ಗುಲಾಬಿ ಚಾಪೆಯ ಮೇಲೆ ಎದ್ದು ಕೂತಿದ್ದಳು. ಗೋಡೆಗೊರಗಿ, ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡಿದ್ದಳು. ಬಾಗಿಲಲ್ಲಿದ್ದ ಪೊಲೀಸನೊಬ್ಬ ಅಭ್ಯಾಸದಂತೆ ಅವಳ ಕಾಲು ಹಿಡಿಯಲು ಬಂದ. ಯಮುನಾ ಅವನನ್ನು ತಡೆದಳು. ಮಂಡಿ ಊರಿ ಎದೆ ಅದುಮುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಲೋಟ ಹಿಡಿದು ಎದುರಿಗೆ ಕೂತಳು.

“ನಿನ್ನ ತಂಗಿ?” ಎಂದಳು ಗುಲಾಬಿ. ಹುಣ್ಣಾದ ಬಾಯಿಂದ ಮಾತು ಒಡೆದು ಬಂತು.

“ಬೆಳಿಗ್ಗೆ ಹೋದ್ಲು.”

ಗುಲಾಬಿ ಅವಳ ಹಣೆಯ ರಕ್ತವನ್ನು ನೋಡಿದಳು. ಹೆಗಲಿನ ಬಟ್ಟೆಯ ಮೇಲೆ ತನ್ನದೇ ಹಲ್ಲಿನ ಗುರುತು ಕಪ್ಪಾಗಿ ಒಣಗಿದ್ದನ್ನು ನೋಡಿದಳು. ಆಮೇಲೆ ಕೈ ಚಾಚಿ ಲೋಟ ತೆಗೆದುಕೊಂಡು, ಒಂದೊಂದು ಗುಟುಕಿಗೂ ಮೈ ನಡುಗಿಸುತ್ತ, ತಳದವರೆಗೂ ಕುಡಿದಳು.

“ಎಲ್ಲಿವರೆಗೆ ಕುಡೀಬೇಕು ಇದನ್ನ?”

“ಸೋಮವಾರ ಬೆಳಿಗ್ಗೆವರೆಗೆ. ನಾಲ್ಕು ಗಂಟೆಗೊಂದು.”

ಗುಲಾಬಿ ಖಾಲಿ ಲೋಟವನ್ನು ಅವಳ ಕೈಗೆ ಕೊಟ್ಟಳು.

“ಬೇರೆಯವ್ರ ಕೈಲಿ ಕಳಿಸ್ಬೇಡ,” ಎಂದಳು. “ನೀನೇ ತಕೊಂಡು ಬಾ.”